ಚಿನ್ನಯ್ಯನವರ ತೇಲುವ ಕಡ್ಡಿ

ಗಲ್ಫಿನ ಹೋಟೆಲ್ ಕೆಲಸ ಬಿಟ್ಟು ಪುಂಜಾಲಕಟ್ಟೆಗೆ ಮರಳಿದ ಚಿನ್ನಯ್ಯನವರು ಮನೆಯಲ್ಲೇ ಬಿಯರ್ ಮಾಡತೊಡಗಿದಂದಿನಿಂದ ಹೆಂಡತಿ ನೀಲಾವತಿಗೆ ನೆಮ್ಮದಿಯಿಲ್ಲ. ದೇವರ ಮುಂದೆಯೂ ಬಾಗದ ಸೊಂಟವನ್ನು ಬಾಗಿಸಿ, ಸಕ್ಕರೆ ಎಷ್ಟು ಉಳಿದಿದೆಯೆಂದು ಹೇಳುವ ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ಒಂದು ಲೋಟ ಬಿಯರಿನಲ್ಲಿ ತೇಲಿಬಿಟ್ಟು ದಿನಕ್ಕೆ ಮೂರು ಸಲ ಇಣುಕುತ್ತಾರೆ. ಗುಳ್ಳೆ ಅಂಟಿದರೆ ಕಡ್ಡಿಯನ್ನು ತಿರುಗಿಸಬೇಕು, ಬಿಯರ್ ಬೆಚ್ಚಗಿದ್ದರೆ ಫ್ಯಾನ್ ಹಾಕಿ ಆರಿಸಬೇಕು. ಅಳೆದದ್ದನ್ನು ಬಿಯರ್ ಹುದುಗುವ ಡ್ರಮ್ಮಿಗೆ ಮರಳಿ ಸುರಿಯುವಂತಿಲ್ಲ, ಹಾಗಾಗಿ ಅರ್ಧ ಡ್ರಮ್ಮು ಅಳತೆಗೇ ಮುಗಿಯುತ್ತದೆ. ಇಷ್ಟಾದ ಮೇಲೂ ಗೆರೆ ಸರಿಯಾಗಿ ಕಾಣದೆ, "ನೀಲಾ, ಒಮ್ಮೆ ಬಂದು ನೋಡು ಮಾರಾಯ್ತಿ! ಎರಡು ದಿವಸ ಒಂದೇ ನಂಬರ್ ಬರ್ಬೇಕು, ಇಲ್ಲದಿದ್ರೆ ಗ್ಯಾಸ್ ಎದ್ದು ತುಂಬಿಸಿದ ಬಾಟ್ಲಿ ಒಡೀತದೆ" ಎಂಬ ಕೂಗು. ಒಲೆಯ ಮೇಲೆ ಸಾರು ಉಕ್ಕುವಾಗ ಯಾರು ಬಗ್ಗಿ ನೋಡುತ್ತಾರೆ? ನಿನ್ನೆಯಂತೆ ಇಂದೂ ಅವಳು ಕಡ್ಡಿಯತ್ತ ಕಣ್ಣೂ ಹಾಯಿಸದೆ, "ಹನ್ನೆರಡು ಉಂಟು" ಎಂದುಬಿಟ್ಟಳು. ಅವರು ಖುಷಿಯಿಂದ ಬಾಟಲಿ ತೊಳೆಯಲು ಹೋದಾಗ, ಅವರು ಅಳತೆ ಬರೆದು ತೆರೆದಿಟ್ಟ ಪುಸ್ತಕ ಅವಳ ಕಣ್ಣಿಗೆ ಬಿತ್ತು. ತಾವೇ ಓದಿದ ಅಂಕೆಗಳ ಪಕ್ಕದಲ್ಲೆಲ್ಲ ಅವರು ಪ್ರಶ್ನೆ ಚಿಹ್ನೆ ಹಾಕಿದ್ದರು, ಅವಳ ಎರಡು ಹನ್ನೆರಡುಗಳ ಪಕ್ಕದಲ್ಲಿ ಮಾತ್ರ, "ನೀಲಾ ನೋಡಿದ್ದು. ಸರಿ." ನೀಲಾವತಿ ಒಲೆ ಆರಿಸಿ ಬಂದು ಕಡ್ಡಿಯ ಮುಂದೆ ಮಂಡಿಯೂರಿದಳು. "ಬಾಟ್ಲಿ ಅಲ್ಲೇ ಇಡಿ ಮಾರಾಯ್ರೆ," ಎಂದು ರೇಗಿದಳು, "ಗುಳ್ಳೆ ಹೋಗ್ಲಿ, ಸರಿ ನೋಡಿ ಹೇಳ್ತೇನೆ."