ಗೇಟು ದಾಟುವವರೆಗೆ ಒಗ್ಗರಣೆ ಇಲ್ಲ

ಈ ಕಥೆಯನ್ನು ಮೊದಲು ಹೇಳಿದವರು ಕೆಳಗಿನ ಮನೆಯ ಸಾವಿತ್ರಮ್ಮ. ನಿನ್ನೆ ಸಂಜೆ, ಚಿಕ್ಕಲಸಂದ್ರದ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು, ನಮ್ಮ ಮನೆ ಬಿಟ್ಟು ಉಳಿದ ಮೂರು ಮನೆಯ ಹೆಂಗಸರಿಗೆ.

"ಬಸುರಿ ಮೂಗಿಗೆ ನಮ್ಮ ಅಡುಗೆ ವಾಸನೆ ಬಿದ್ಮೇಲೆ ಅವಳಿಗೆ ಕೊಡದೆ ತಿನ್ನಬಾರ್ದು ಅಂತ, ಇಂಗಿನ ಒಗ್ಗರಣೆ ಹಾಕಿದ ಹುಳಿ ತಗೊಂಡ್ಹೋದೆ ಕಣ್ರೇ. ಮುಚ್ಚಳ ತೆಗೆದವಳೇ ನನ್ನ ಪಾದದ ಮೇಲೇ ವಾಂತಿ ಮಾಡಿದ್ಲು."

ಗೆಳೆಯರೇ, ಆ ಬಸುರಿ ನಾನೇ. ಎರಡು ವಾರದಿಂದ ಬೆಳಗಿನ ಒಂದು ತುತ್ತೂ ಹೊಟ್ಟೆಯಲ್ಲಿ ನಿಂತಿರಲಿಲ್ಲ. ರಜೆಯೆಲ್ಲ ಮುಗಿದು ಇಂದು ಆಫೀಸಿಗೆ ಹೋಗಲೇಬೇಕಿತ್ತು. ಅದಕ್ಕೇ ನಿನ್ನೆ ಆ ಮಾತು ಕಿವಿಗೆ ಬಿದ್ದಾಗ ಬಾಗಿಲಿಗೆ ಬಂದು ಕೈ ಮುಗಿದೆ.

"ಆಂಟಿ, ನಂಗೇನೂ ಕೊಡ್ಬೇಡಿ. ನಾಳೆ ನಾನು ತಿಂಡಿ ತಿಂದು ಗೇಟು ದಾಟೋವರೆಗೆ ಯಾರೂ ಒಗ್ಗರಣೆ ಹಾಕ್ಬೇಡಿ, ಸಾಕು."

"ಒಗ್ಗರಣೆ ಇಲ್ದೆ ನಮ್ಮ ಯಜಮಾನ್ರಿಗೆ ಏನ್ ಬಡಿಸ್ಲಿ, ಮಣ್ಣಾ?" ಎನ್ನುತ್ತ ಸಾವಿತ್ರಮ್ಮ ಎದ್ದುಹೋದರು.

ಇಂದು ಬೆಳಗ್ಗೆ ಕಟ್ಟಡದಲ್ಲೆಲ್ಲೂ ಇಂಗಿನ ಸುಳಿವಿರಲಿಲ್ಲ. ಕಿಟಕಿ ತೆರೆದಿಟ್ಟೇ ಎರಡು ಇಡ್ಲಿ ತಿಂದೆ. ಅರ್ಧ ಗಂಟೆ ಕಾದೆ. ಎರಡೂ ಒಳಗೇ ಇದ್ದವು. ಬ್ಯಾಗ್ ಹಿಡಿದು ಕೆಳಗಿಳಿದರೆ, ಸಾವಿತ್ರಮ್ಮನ ಯಜಮಾನರು ಬಾಗಿಲ ಬಳಿ ಖಾಲಿ ತಟ್ಟೆ ಹಿಡಿದು ಕೂತಿದ್ದರು.

"ನಿಂತಿತೇನಮ್ಮಾ?"

"ನಿಂತಿದೆ ಅಂಕಲ್."

"ಹಾಗಾದ್ರೆ ಬೇಗ ಹೊರಡು ತಾಯಿ. ನಂಗೆ ಹಸಿವು."

ನಾನು ಹೊರಗೆ ಬಂದು ಗೇಟಿನ ಚಿಲಕ ಹಾಕುತ್ತಿದ್ದಂತೆ, ನಾಲ್ಕೂ ಅಡುಗೆಮನೆಗಳಲ್ಲಿ ಒಟ್ಟಿಗೇ ಸಾಸಿವೆ ಸಿಡಿಯಿತು.