ಸುಮ್ಮನಿದ್ದರೆ ಕ್ಷೇಮ

ನಿಂಗವ್ವಕ್ಕ, ನಾನು ನಿಮಗೆ ಸುಳ್ಳು ಹೇಳಿದ್ದೇನೆ. ಬೀರಪ್ಪಣ್ಣ ಆವತ್ತು ಕರೆದಿದ್ದರು. ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡು, ಸುಮ್ಮನಿರಿ ಎಂದು ಗದರಿದ್ದೆ. ಆಮೇಲೆ ಬಿಜಾಪುರದ ದವಾಖಾನೆಯಲ್ಲಿ ನೀವು ನನ್ನ ಮುಖ ನೋಡಿ ಕೇಳಿದಾಗ, ಇಲ್ಲ, ಅವರು ಕರೆಯಲೇ ಇಲ್ಲ ಎಂದುಬಿಟ್ಟೆ. ನೀವು ನಂಬಿದಿರಿ — ಕಟ್ಟಿಕೊಂಡ ಗಂಡನನ್ನು ಬಿಟ್ಟು ನನ್ನನ್ನು ನಂಬಿದಿರಿ.

ನಿಮಗೆ ಓದಲು ಬಾರದು ಎಂಬ ಧೈರ್ಯದಿಂದಲೇ ಇದನ್ನು ಬರೆಯತೊಡಗಿದೆ, ಅದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಬಾಯಲ್ಲಿ ಹೇಳುವ ಮೊದಲು ಕಾಗದದ ಮೇಲೆ ಹೇಳಿ ನೋಡೋಣ ಅನ್ನಿಸಿತು. ಎಪ್ಪತ್ತರ ದಶಕದ ಮಾತಿದು. ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ — ಬಡ್ತಿ ತೆಗೆದುಕೊಳ್ಳುತ್ತಿದ್ದೆ, ಮನೆ ಕಟ್ಟಿಸುತ್ತಿದ್ದೆ, ನಿವೃತ್ತನಾಗುತ್ತಿದ್ದೆ.

ನಮ್ಮ ಕೆಲಸ ಏನಿತ್ತೆಂದು ನಿಮಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಹೊಳೆಯ ನೀರು ಏರಿತೋ ಇಳಿಯಿತೋ ನೋಡಿ ವಾಯರ್‌ಲೆಸ್ ಸೆಟ್ಟಿನಲ್ಲಿ ತಿಳಿಸುವುದು, ಅಷ್ಟೇ. ಬಸವನ ಬಾಗೇವಾಡಿಯಲ್ಲಿ ನಾನು, ಎಲ್ಲರ ಮಾತು ಕೇಳಿ ಮೇಲಿನವರಿಗೆ ಮುಟ್ಟಿಸುವವನು. ಮುದ್ದೇಬಿಹಾಳದ ಕಡೆ ಕೃಷ್ಣೆಯ ದಂಡೆಯಲ್ಲಿ ಒಬ್ಬರು, ಇಂಡಿ ತಾಲೂಕಿನ ಕಡೆ ಭೀಮೆಯ ದಂಡೆಯಲ್ಲಿ ಇನ್ನೊಬ್ಬರು. ಸಿಂದಗಿ ತಾಲೂಕಿನಲ್ಲಿ, ಊರು ದಾಟಿ ಅದೇ ಭೀಮೆಯ ಮಗ್ಗುಲಿಗಿದ್ದ ತಗಡಿನ ಮಾಡಿನ ಒಂಟಿ ಕೋಣೆಯಲ್ಲಿ ನಿಮ್ಮವರು, ಬೀರಪ್ಪಣ್ಣ. ನಾಲ್ಕೂ ಸೆಟ್ಟುಗಳಿಗೆ ಇದ್ದದ್ದು ಒಂದೇ ಹಾದಿ. ಒಬ್ಬರು ಮೈಕಿನ ಸ್ವಿಚ್ಚು ಒತ್ತಿ ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಇಬ್ಬರು ಕೂಡಿಯೇ ಒತ್ತಿದರೆ ಇಬ್ಬರದೂ ಕೇಳುವುದಿಲ್ಲ. ನಾಲ್ಕು ಮನೆಗೆ ಒಂದೇ ಬಾವಿ, ಒಂದೇ ಹಗ್ಗ ಇದ್ದ ಹಾಗೆ.

ಆ ಹಾದಿಯಲ್ಲಿ ನೀರಿನ ಸುದ್ದಿಗಿಂತ ಮನೆಯ ಸುದ್ದಿಯೇ ಹೆಚ್ಚು ಹರಿಯುತ್ತಿತ್ತು. ಊಟ ಆಯಿತೇ, ನಿಮ್ಮ ಕಡೆ ಮಳೆ ಹೇಗಿದೆ, ಎತ್ತಿನ ಕಾಲು ವಾಸಿಯಾಯಿತೇ — ಇಂಥವೇ. ಅದರಲ್ಲೂ ನಿಮ್ಮವರು ಸ್ವಿಚ್ಚು ಒತ್ತಿದರೆಂದರೆ ಬೇಗ ಬಿಡುವ ಪೈಕಿಯಲ್ಲ. ನೀರಿನ ಮಟ್ಟ ಹೇಳಿ ಮುಗಿಸಿ, ಒಂದು ಕ್ಷಣ ತಡೆದು, "ಇವತ್ತ ಪುಂಡಿಪಲ್ಯೆ ಮಾಡೇನ್ರಿ ಸರ. ಉಪ್ಪು ಜರಾ ಹೆಚ್ಚಾಗೇತಿ, ಓವರ್" ಎನ್ನುತ್ತಿದ್ದರು. ಓವರ್ ಎಂದರೆ ನನ್ನ ಮಾತು ಮುಗಿಯಿತು, ಇನ್ನು ನೀವು ಹೇಳಿ ಎಂದು. ನಾವು ನಗುತ್ತಿದ್ದೆವು. ಒಬ್ಬರೇ ಅಡಿಗೆ ಮಾಡಿಕೊಂಡು, ಒಬ್ಬರೇ ಉಂಡು, ಉಪ್ಪು ಹೆಚ್ಚಾದದ್ದನ್ನು ಯಾರಿಗಾದರೂ ಹೇಳಬೇಕು ಅನ್ನಿಸುವುದು ಎಂಥದೆಂದು ನನಗೀಗ ಗೊತ್ತು. ಆಗ ಗೊತ್ತಿರಲಿಲ್ಲ ಎನ್ನಲೇ? ಇಲ್ಲ — ಆಗಲೂ ಗೊತ್ತಿತ್ತು. ಬಾಗೇವಾಡಿಯ ಆ ಕೋಣೆಯಲ್ಲಿ ನಾನೂ ಒಬ್ಬನೇ ಇದ್ದೆ. ಅವರ ಪುಂಡಿಪಲ್ಯೆಯ ಸುದ್ದಿಗೆ ನಾನೂ ಕಾಯುತ್ತಿದ್ದೆ.

ಆ ವರ್ಷ ನನ್ನನ್ನು ತರಬೇತಿಗೆ ಕಳಿಸಿದರು. ಒಂದೇ ಹಾದಿಯಲ್ಲಿ ಹೆಚ್ಚು ಮಾತು ಸಾಗಿಸುವುದು ಹೇಗೆ ಎಂಬುದೇ ಅಲ್ಲಿಯ ಪಾಠ. ತಿರುಗಿ ಬಂದವನು ಮೂರು ನಿಯಮ ಮಾಡಿದೆ. ಪ್ರತಿಯೊಬ್ಬರೂ ತಮ್ಮ ಪಾಳಿಯಲ್ಲಷ್ಟೇ ಮಾತಾಡಬೇಕು. ಉದ್ದನೆಯ ವಾಕ್ಯಗಳ ಬದಲು ಒಂದೊಂದು ಅಂಕಿ ಹೇಳಬೇಕು. ಮೂರನೆಯದು ನನಗೆ ಬಹಳ ಪ್ರೀತಿಯದು: ನೀರಿನಲ್ಲಿ ಏರಿಳಿತ ಇಲ್ಲದಿದ್ದರೆ ಪಾಳಿ ಬಂದರೂ ಬಾಯಿ ಬಿಡಬಾರದು. ಸುಮ್ಮನಿದ್ದರೆ ಕ್ಷೇಮ ಎಂದು ನಾವು ತಿಳಿದುಕೊಳ್ಳುತ್ತೇವೆ. ಹಾದಿ ಎಷ್ಟು ಖಾಲಿಯಾಯಿತೆಂದರೆ ನಿಡಗುಂದಿಯ ಕಡೆಯ ಇನ್ನೆರಡು ಸೆಟ್ಟುಗಳನ್ನು ಅದಕ್ಕೇ ಸೇರಿಸಿದರೂ ನೂಕುನುಗ್ಗಲಾಗಲಿಲ್ಲ. ಮೇಲಿನವರು ಬೆನ್ನು ತಟ್ಟಿದರು. ನನಗೆ ಕೋಡು ಮೂಡಿದವು.

ನಿಯಮ ತಿಳಿಸಲು ಎಲ್ಲರನ್ನೂ ಬಾಗೇವಾಡಿಗೆ ಕರೆಸಿದ್ದಾಗ ಬಾಯಿ ತೆರೆದವರು ಬೀರಪ್ಪಣ್ಣ ಒಬ್ಬರೇ. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ದಿನಕ್ಕ ಒಂದ ಸಲ 'ಅದೀನಿ' ಅಂತ ಅನಾಕರ ಬಿಡ್ರಿ ಸರ. ಅಷ್ಟ ಸಾಕು. ಅಲ್ಲಿ ಮಾತಾಡಾಕ ಮಂದೀನ ಇಲ್ರಿ" ಎಂದರು.

"ನೀವು ಇರ್ತೀರಿ ಬಿಡ್ರಿ ಬೀರಪ್ಪ. ನಿಮ್ಮ ಮಾತು ಕೇಳಿ ಕೇಳಿ ನಾವ ಸಾಯ್ತೇವಿ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಅಕ್ಕ.

ಆಮೇಲೆ ಕೆಲವು ದಿನ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಮಾತಿಲ್ಲ ಕತೆಯಿಲ್ಲ, ತಮ್ಮ ಪಾಳಿಯಲ್ಲಿ ಎರಡು ಸಲ ಸ್ವಿಚ್ಚು ಒತ್ತಿ ಬಿಡುತ್ತಿದ್ದರು. ನನ್ನ ಸೆಟ್ಟಿನ ಸರಸರ ಸದ್ದು ಎರಡು ಸಲ ತಡೆದು ಮತ್ತೆ ಶುರುವಾಗುತ್ತಿತ್ತು. ಇದ್ದೇನೆ ಎಂದು ಹೇಳುತ್ತಿದ್ದಾರೆ, ನನಗೆ ತಿಳಿಯುತ್ತಿತ್ತು. ಅದನ್ನೂ ಬಿಡಿಸಿದೆ. "ಅದೂ ಬ್ಯಾಡ್ರಿ, ಒತ್ತಿದ್ರ ಹಾದಿ ಕಟ್ಟತೈತಿ" ಎಂದೆ. ಮರುದಿನದಿಂದ ನಿಂತಿತು. ಅಂದಿನಿಂದ ನಮ್ಮ ಕೋಣೆಗಳೆಲ್ಲ ಬಿಕೋ ಎನ್ನತೊಡಗಿದವು. ಇದಕ್ಕೆ ದಕ್ಷತೆ ಎಂದು ಹೆಸರಿಟ್ಟುಕೊಂಡೆ.

ಆ ದಿನದ ಮಾತು. ಕೃಷ್ಣೆ ಏರುತ್ತಿದ್ದಳು, ಭೀಮೆ ತಣ್ಣಗಿದ್ದಳು. ಮುದ್ದೇಬಿಹಾಳದಿಂದ ಮೇಲಿಂದ ಮೇಲೆ ಸುದ್ದಿ ಬರುತ್ತಿತ್ತು. ನಮ್ಮ ದೊಡ್ಡ ಸಾಹೇಬರು ನನ್ನ ಕೋಣೆಗೇ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು. ನಿಮ್ಮವರ ಕಡೆ ದಿನಕ್ಕೊಮ್ಮೆ ಬಂದು ನೀರಿನ ಮಟ್ಟ ಓದಿ ಹೋಗುತ್ತಿದ್ದ ಆಳು ರಜೆ ಹಾಕಿ ಊರಿಗೆ ಹೋಗಿದ್ದಾನೆಂಬುದು ನನಗೆ ಗೊತ್ತಿತ್ತು — ರಜೆ ಮಂಜೂರು ಮಾಡಿದವನು ನಾನೇ. ಮಧ್ಯಾಹ್ನ ಮುದ್ದೇಬಿಹಾಳದವರು ಅಂಕಿ ಹೇಳುತ್ತಿದ್ದಂತೆ ಅವರ ದನಿ ಅರ್ಧಕ್ಕೇ ತುಂಡಾಯಿತು. ಬೇರೆ ಯಾರೋ ಸ್ವಿಚ್ಚು ಒತ್ತಿದ್ದರು. ಬಿಟ್ಟರು, ಮತ್ತೆ ಒತ್ತಿದರು, ಬಹಳ ಹೊತ್ತು ಒತ್ತಿ ಹಿಡಿದರು. ಮುದ್ದೇಬಿಹಾಳದವರು ಮಾತು ನಿಲ್ಲಿಸಿ ಕಾದರು.

"ಯಾರ್ರೀ ಅವ್ರು?" ಎಂದರು ಸಾಹೇಬರು.

ನನಗೆ ಗುರುತು ಸಿಕ್ಕಿತ್ತು. ತೆರೆದ ಮೈಕಿನಲ್ಲಿ, ದೂರದಲ್ಲಿ, ಗಾಳಿಗೆ ತಗಡು ಬಡಿಯುವ ಸದ್ದು ಕೇಳುತ್ತಿತ್ತು. ತಗಡಿನ ಮಾಡು ಇದ್ದದ್ದು ಅದೊಂದೇ ಕೋಣೆಗೆ. ಮತ್ತೆ — ಇದನ್ನು ನಾನು ನನಗೇ ಎಷ್ಟೋ ವರ್ಷ ಹೇಳಿಕೊಂಡಿರಲಿಲ್ಲ — ಒಂದು ದನಿಯೂ ಇತ್ತು. ಮಾತಲ್ಲ. ನಾಲಿಗೆ ಹೊರಳದೆ ಗಂಟಲಿನಲ್ಲೇ ಉಳಿದ ಏನೋ. ಅಣಕಿಸುತ್ತಿದ್ದಾರೆ ಎಂದುಕೊಂಡೆ. ಹಾಗೆಂದು ನಿಜವಾಗಿ ಅಂದುಕೊಂಡೆನೋ, ಸಾಹೇಬರ ಮುಂದೆ ಹಾಗೆ ಅಂದುಕೊಳ್ಳುವುದು ಸುಲಭವಾಯಿತೋ — ಈಗ ಬಿಡಿಸಿ ಹೇಳಲಾರೆ. ಸಿಟ್ಟು ನೆತ್ತಿಗೇರಿತ್ತು. ನನ್ನ ನಿಯಮಕ್ಕೆ, ಸಾಹೇಬರ ಎದುರೇ, ಅವಮಾನ. ಅವರು ಸ್ವಿಚ್ಚು ಬಿಟ್ಟ ನಡುವೆ ನಾನು ನನ್ನದನ್ನು ಒತ್ತಿದೆ.

"ಬೀರಪ್ಪ, ನಿಮ್ಮ ಆಟ ಸಾಕು. ಸ್ವಿಚ್ಚು ಬಿಡ್ರಿ. ಹಾದಿ ಬಿಡ್ರಿ."

ಬಿಟ್ಟರು. ಮತ್ತೆ ಒತ್ತಲಿಲ್ಲ. ಮುದ್ದೇಬಿಹಾಳದವರ ಅಂಕಿಗಳು ಸ್ವಚ್ಛವಾಗಿ ಬರತೊಡಗಿದವು. ಸಾಹೇಬರು ತಲೆದೂಗಿದರು.

ಸಂಜೆ ಸಿಂದಗಿಯ ಪಾಳಿ ಬಂತು, ಅವರ ದನಿ ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ನನ್ನ ನಿಯಮದ ಪ್ರಕಾರ ಅವರು ಕ್ಷೇಮವಾಗಿದ್ದರು. ಆದರೂ ನನ್ನ ಕೈ ಮೈಕಿನ ತನಕ ಹೋಯಿತು, ಬಂತು. ಹೇಗಿದ್ದೀರಿ ಎಂದು ಒಂದು ಮಾತು ಕೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನಿನ್ನೆ ಗದರಿದವನು ಇವತ್ತು ತಾನಾಗಿ ಕರೆಯುವುದೇ ಎಂದು — ಅಷ್ಟೇ ಕಾರಣ, ಅಕ್ಕ. ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

ಆ ಎರಡನೆಯ ದಿನದ ಸಂಜೆ ಕುರಿ ಕಾಯುವವರು ನೀರು ಕೇಳಲು ಹೋಗಿ ಬಾಗಿಲು ದೂಡಿದಾಗ ಅವರು ನೆಲದ ಮೇಲೆ ಬಿದ್ದಿದ್ದರಂತೆ. ಲಕ್ವ ಹೊಡೆದು ಬಲಭಾಗ ಹೋಗಿತ್ತು, ಮಾತು ಹೋಗಿತ್ತು. ಎಡಗೈಯಿಂದ ವೈರು ಹಿಡಿದು ಎಳೆದ ಮೈಕು ಎದೆಯ ಪಕ್ಕದಲ್ಲೇ ಇತ್ತಂತೆ. ಬಂಡಿಯಲ್ಲಿ ಸಿಂದಗಿಗೆ ತಂದು, ಅಲ್ಲಿಂದ ಬಿಜಾಪುರಕ್ಕೆ ಸಾಗಿಸಿದರು. ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೇ ಎಂದರೆ ಡಾಕ್ಟರು ಖಚಿತವಾಗಿ ಏನೂ ಹೇಳಲಿಲ್ಲ. ಆ ಅನುಮಾನದ ಲಾಭ ನನಗೆ ಬೇಡ.

ದವಾಖಾನೆಯಲ್ಲಿ ನಾನು ಬಂದದ್ದು ನೋಡಿ ನೀವು ಸೆರಗು ಸರಿಮಾಡಿಕೊಂಡು ಎದ್ದಿರಿ. "ತಮ್ಮಾ, ಖರೇ ಹೇಳು. ಇವ್ರು ನಿಮ್ಮನ್ನ ಕರದಿದ್ರೇನು?"

"ಇಲ್ಲಕ್ಕಾ. ಕರದಿದ್ರ ನಾ ಬಿಡ್ತಿದ್ನೇನು?"

ಇಷ್ಟು ಸಲೀಸಾಗಿ ಬಂತು. ನೀವು ಮಂಚದ ಕಡೆ ತಿರುಗಿದಿರಿ. "ಕೈಯಾಗ ಮಷೀನ ಇತ್ತು. ಒಂದ ಸಲ ಒತ್ತಬಾರದಿತ್ತೇನ್ರಿ? ತನ್ನ ಬ್ಯಾನಿ ಯಾರಿಗೂ ಹೇಳಬಾರದಂತ ಏನ ಹಟಾ ಇದು?"

ಅವರು ನಿಮ್ಮನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಓವರ್ ಎಂದು ಹೇಳಿ ಆಚೆಯವರ ಉತ್ತರಕ್ಕೆ ಕಾಯುವವರ ನೋಟ. ನಾನು ಸಲೈನು ಬಾಟಲಿಯನ್ನು ನೋಡುತ್ತ ನಿಂತೆ.

ಮೇಲಿನವರಿಗೂ ಅದನ್ನೇ ಹೇಳಿದೆ, ಆ ಕಡೆಯಿಂದ ಏನೂ ಬಂದಿರಲಿಲ್ಲ ಎಂದು. ಪಕ್ಕದಲ್ಲಿದ್ದ ಸಾಹೇಬರಿಗೆ ಎಲ್ಲ ನೆನಪಿತ್ತು. ಅವರೂ ನೆನಪು ಮಾಡಿಕೊಳ್ಳಲಿಲ್ಲ, ಆ ಹಾದಿಯಲ್ಲಿ ನನ್ನ ಗದರಿಕೆ ಕೇಳಿದ ಉಳಿದ ಸೆಟ್ಟಿನವರೂ ಬಾಯಿ ಬಿಡಲಿಲ್ಲ. ಅವರ ವಿಚಾರ ಅವರಿಗೆ, ಇಲ್ಲಿ ನನ್ನದಷ್ಟೇ.

ತಾಂಬಾದ ನಿಮ್ಮ ಮನೆಯ ಪಡಸಾಲೆಯಲ್ಲಿ ಅವರು ಎಷ್ಟೋ ವರ್ಷ ಮಲಗಿದ್ದರು. ನಾನು ಮೋಸಂಬಿ ಹಿಡಿದುಕೊಂಡು ಬರುತ್ತಿದ್ದೆ, ದೊಡ್ಡ ಮನುಷ್ಯನ ಹಾಗೆ. ಪ್ರತಿ ಸಲವೂ ನೀವು ಅದೇ ಮಾತು ಎತ್ತುತ್ತಿದ್ದಿರಿ — ಮಷೀನ ಇತ್ತು, ಕರೆಯಲಿಲ್ಲ. ಮೊದಮೊದಲು ಅವರು ನನ್ನತ್ತ ನೋಡುತ್ತಿದ್ದರು. ಕೊನೆಕೊನೆಗೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಅವರು ತೀರಿಹೋದ ಮೇಲೆ ನೀವು ಅದನ್ನು ಮೊಮ್ಮಕ್ಕಳಿಗೆ ಹೇಳುವುದನ್ನೂ ಕೇಳಿದೆ: "ನಿಮ್ಮ ಮುತ್ಯಾ ಭಾಳ ಹಟಮಾರಿ. ಜೀವ ಹೋಗೂ ಹೊತ್ತಿನ್ಯಾಗೂ ಯಾರನ್ನೂ ಕರೀಲಿಲ್ಲ." ಪಲ್ಯೆಗೆ ಉಪ್ಪು ಹೆಚ್ಚಾದದ್ದನ್ನೂ ನಾಲ್ಕು ತಾಲೂಕಿಗೆ ಹೇಳಬೇಕೆನ್ನುತ್ತಿದ್ದ ಮನುಷ್ಯನನ್ನು ಅವರ ಮನೆಯಲ್ಲೇ ಯಾರನ್ನೂ ಕರೆಯದವನನ್ನಾಗಿ ಮಾಡಿದೆ. ಲಕ್ವ ಹೊಡೆದದ್ದು ನನ್ನಿಂದಲ್ಲ. ಇದು ನನ್ನಿಂದ.

ಮುಂದೆ ನಾನು ಹೋದಲ್ಲೆಲ್ಲ ಪ್ರತಿ ಸೆಟ್ಟಿನವರೂ ದಿನಕ್ಕೊಮ್ಮೆ 'ಇದ್ದೇನೆ' ಎಂದು ಹೇಳಲೇಬೇಕೆಂಬ ನಿಯಮ ತಂದೆ. ಒಳ್ಳೆಯ ಸುಧಾರಣೆ ಎಂದು ಅದಕ್ಕೂ ನನ್ನನ್ನೇ ಹೊಗಳಿದರು. ಅದು ಬೀರಪ್ಪಣ್ಣ ಕೇಳಿದ್ದೆಂದು ಅಲ್ಲಿಯೂ ಬಾಯಿ ಬಿಡಲಿಲ್ಲ. ನನ್ನ ಹೆಂಡತಿಗೆ ಹೇಳಲಿಲ್ಲ, ಅವಳು ಈಗ ಇಲ್ಲ. ಮನೆಯಲ್ಲಿ ಒಬ್ಬನೇ ಅಡಿಗೆ ಮಾಡಿಕೊಳ್ಳುತ್ತೇನೆ. ಫೋನು ಪಕ್ಕದಲ್ಲೇ ಇರುತ್ತದೆ, ಯಾರಿಗೆ ಬೇಕಾದರೂ ಮಾಡಬಹುದು. ಮಾಡುವುದಿಲ್ಲ.

ಬರುವ ಸೋಮವಾರ ತಾಂಬಾಕ್ಕೆ ಬರುತ್ತೇನೆ. ಹಿಂದೆಯೂ ಹೇಳಲೆಂದೇ ಬಂದದ್ದುಂಟು. ಆದರೆ ನಾನು ಚಪ್ಪಲಿ ಬಿಡುವುದರೊಳಗೆ "ಕುಂಡ್ರು ತಮ್ಮಾ" ಎಂದು ನೀವು ಒಲೆಯ ಮೇಲೆ ಚಹಾ ಇಟ್ಟಿರುತ್ತಿದ್ದಿರಿ. ನಿಮ್ಮ ಚಹಾ ಕುಡಿದ ಬಾಯಿಂದ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ, ಮಳೆ ಬೆಳೆ ವಿಚಾರಿಸಿ ಬಸ್ಸು ಹತ್ತುತ್ತಿದ್ದೆ. ಈ ಸಲ ಹೊಸ್ತಿಲಿನಾಚೆ ನಿಂತೇ ಹೇಳುತ್ತೇನೆ. ಮೊಮ್ಮಕ್ಕಳಿದ್ದರೆ ಅವರೂ ಕೇಳಲಿ. ಅವರ ಮುತ್ಯಾ ಕರೆದಿದ್ದ, ಮತ್ತೆ ಮತ್ತೆ ಕರೆದಿದ್ದ, ಸುಮ್ಮನಾಗಿಸಿದವನು ಇಗೋ ಇಲ್ಲಿ ನಿಂತಿದ್ದಾನೆ. ಆಮೇಲೆ ಒಳಗೆ ಕರೆಯುವುದೂ ಕಳಿಸಿಬಿಡುವುದೂ ನಿಮಗೆ ಬಿಟ್ಟದ್ದು. ಚಹಾ ಮಾತ್ರ ಮೊದಲೇ ಇಡಬೇಡಿ, ಅಕ್ಕ.