ರೂತ್ ಅವರ ಬೆಳ್ಳಿ ಲೋಟಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ದಿನವಿಡೀ ಪುರಾವೆ ಕೇಳುವುದೇ ನನ್ನ ಕೆಲಸ. ನೀವೂ ಇದನ್ನು ನಂಬಬೇಕೆಂದು ನಾನು ಒತ್ತಾಯಿಸುವುದಿಲ್ಲ.

ಕ್ಯಾಲಿಫೋರ್ನಿಯಾದ ನೆವಾರ್ಕ್‌ನಲ್ಲಿ ನಮ್ಮ ಪಕ್ಕದ ಮನೆಯವರು ರೂತ್, ಎಂಬತ್ತರ ಹತ್ತಿರದ ಯಹೂದಿ ಹೆಂಗಸು. ನಾವು ಅಲ್ಲಿಗೆ ಬರುವ ಮೊದಲೇ ಅವರ ಗಂಡ ತೀರಿಕೊಂಡಿದ್ದರು. ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರುವಾಗ, ಖಾಲಿ ಮನೆಯಲ್ಲಿ ಬಿಡಲು ಮನಸ್ಸಾಗದೆ, ಎರಡು ಹಳೆಯ ಬೆಳ್ಳಿ ಲೋಟಗಳನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಗಂಡನ ಅಜ್ಜನ ಕಾಲದವು. ಶುಕ್ರವಾರ ಸಂಜೆ ಅವುಗಳಲ್ಲಿ ದ್ರಾಕ್ಷಾರಸ ತುಂಬಿ, ಎತ್ತಿ ಹಿಡಿದು, ಪ್ರಾರ್ಥನೆ ಹಾಡುವುದು ಯಹೂದಿಗಳ ಪದ್ಧತಿ. ನಾನು ಅವನ್ನು ದೇವರ ಕಪಾಟಿನಲ್ಲಿಟ್ಟೆ.

ಆಗ ಧಾರವಾಡದಿಂದ ಅವ್ವ ಬಂದಿದ್ದಳು. ಆ ಶುಕ್ರವಾರ ದೀಪ ಹಚ್ಚುತ್ತಿದ್ದವಳು ನನ್ನನ್ನು ಕರೆದಳು.

"ಕಪಾಟಿನ್ಯಾಗ ಯಾರೋ ಗಂಡಸರು ಹಾಡ್ಲಿಕತ್ತಾರ ನೋಡು."

ನನಗೇನೂ ಕೇಳಿಸಲಿಲ್ಲ. ಯಾರದೋ ಮನೆಯ ಟೀವಿ ಇರಬೇಕೆಂದೆ. ಮರುವಾರವೂ ಹಾಗೇ ಆಯಿತು. ಅವಳು ವಾದಿಸದೆ, ಹಾಡು ಮುಗಿಯುವವರೆಗೆ ಕೈಮುಗಿದು ನಿಂತಿದ್ದಳು.

ವಾಕರ್ ಹಿಡಿದು ಮನೆಗೆ ಮರಳಿದ ರೂತ್‌ಗೆ ಲೋಟ ಕೊಡುವಾಗ ಅವ್ವ ಆ ರಾಗವನ್ನು ಗುನುಗಿದಳು. ಇನ್ನೊಮ್ಮೆ ಹಾಡಿಸು ಎಂದು ರೂತ್ ನನಗೆ ಹೇಳಿದರು. ಅದು ಅವರ ಗಂಡ ಶುಕ್ರವಾರ ಹಾಡುತ್ತಿದ್ದ ಪ್ರಾರ್ಥನೆ. ಎಲ್ಲರೂ ಸ್ವರ ಇಳಿಸುವ ಒಂದು ಕಡೆ ಆತ ಏರಿಸುತ್ತಿದ್ದರಂತೆ, ಅದಕ್ಕಾಗಿ ಗಂಡನನ್ನು ರೂತ್ ಜೀವನಪೂರ್ತಿ ಛೇಡಿಸಿದ್ದರಂತೆ. ಅವ್ವನೂ ಅಲ್ಲೇ ಏರಿಸಿದ್ದಳು. ನಾನು ಆ ಪ್ರಾರ್ಥನೆಯನ್ನು ಬೇರೆಯವರು ಹಾಡಿದ್ದು ಫೋನಿನಲ್ಲಿ ಸಿಕ್ಕಷ್ಟನ್ನೂ ಹಾಕಿ ಕೇಳಿದೆ. ಒಂದರಲ್ಲೂ ಅಲ್ಲಿ ಸ್ವರ ಏರಲಿಲ್ಲ. ನೀವೇ ಯಾವಾಗಲಾದರೂ ಹಾಡಿದ್ದಿರಾ ಎಂದು ರೂತ್‌ರನ್ನು ಕೇಳಿದೆ. ಗಂಡ ಹೋದ ಮೇಲೆ ಒಂದು ಸಲವೂ ಇಲ್ಲ ಎಂದರು.

ಮುಂದಿನ ಶುಕ್ರವಾರ ರೂತ್ ಲೋಟಗಳೊಂದಿಗೆ ಮತ್ತೆ ಬಂದರು. ತಮ್ಮ ಮನೆಯಲ್ಲಿ ಏನೂ ಕೇಳಿಸುವುದಿಲ್ಲ, ಒಂದು ಸಂಜೆ ಇಲ್ಲಿ ಕೂರಲೇ ಎಂದು ಕೇಳಿದರು.

ಹೊತ್ತು ಮುಳುಗುವಾಗ ಅವ್ವ ಶುರುವಾಯಿತೆಂಬಂತೆ ಕೈ ಎತ್ತಿದಳು. ನನಗೂ ರೂತ್‌ಗೂ ದೂರದ ಫ್ರೀವೇ ಸದ್ದಷ್ಟೇ ಕೇಳುತ್ತಿತ್ತು. ರೂತ್ ಕಣ್ಣು ಕದಲಿಸದೆ ಅವ್ವನ ಮುಖವನ್ನೇ ನೋಡುತ್ತ ಕುಳಿತರು. ಹಾಡು ಮುಗಿದಿರಬೇಕು, ಅವ್ವ ಕೈ ಇಳಿಸಿದಳು.

"ಆಮೆನ್" ಎಂದರು ರೂತ್, ಮೆಲ್ಲಗೆ.

ಈಗ ರೂತ್ ಇಲ್ಲ. ಲೋಟಗಳು ಅವರ ಮಗಳ ಮನೆ ಸೇರಿವೆ. ಮೊನ್ನೆ ಫೋನಿನಲ್ಲಿ, ಅದು ಹೇಗೆ ಕೇಳಿಸಿತೆಂದು ಅವ್ವನನ್ನು ಮತ್ತೊಮ್ಮೆ ಕೇಳಿದೆ.

"ನನಗ ಕೇಳಿಸ್ತು. ನಿನಗ್ಯಾಕ ಕೇಳಿಸಲಿಲ್ಲ, ಅದನ್ನ ಹೇಳು" ಎಂದಳು.